ಅಪ್ಪನ ಕಾಲು, ಊರಿನ ಡಾಕ್ಟರುಗಳು

ವರ್ಗವಾಗಿ ಹೋದ ಊರಿನಲ್ಲಿ ಮನೆ ಸಿಗುತ್ತದೆ, ಹಾಲು ಹಾಕುವವನು ಸಿಗುತ್ತಾನೆ, ಗ್ಯಾಸ್ ಸಿಲಿಂಡರಿನವನೂ ಎರಡು ಸಲ ಬೈಸಿಕೊಂಡ ಮೇಲೆ ದಾರಿಗೆ ಬರುತ್ತಾನೆ. ಸಿಗದೆ ಇರುವವರು ಡಾಕ್ಟರು. ಬೋರ್ಡುಗಳಿಗೇನೂ ಬರವಿಲ್ಲ. ಸಿದ್ದಾಪುರದಾಚೆ, ಕಾಫಿ ತೋಟಗಳ ನಡುವಿನ ಈ ಸಣ್ಣ ಪೇಟೆಯಲ್ಲೇ ನಾಲ್ಕು ಬೋರ್ಡುಗಳಿವೆ. ಒಂದೊಂದರಲ್ಲೂ ಹೆಸರಿಗಿಂತ ಉದ್ದದ ಇಂಗ್ಲಿಷ್ ಅಕ್ಷರಗಳ ಬಾಲ. ನನಗೆ ಬೇಕಾಗಿದ್ದದ್ದು ಬಾಲವಲ್ಲ, ನಮ್ಮ ಮನೆಯವರನ್ನು ಕಂಡರೆ ಗುರುತು ಹಿಡಿದು "ಹೇಗಿದ್ದೀರಿ" ಎಂದು ಕೇಳುವ ಒಬ್ಬ ಮನುಷ್ಯ.

ಸೋಮವಾರಪೇಟೆ ಕಡೆಯ ನಮ್ಮೂರಿನಲ್ಲಿ ಅಂಥವರೊಬ್ಬರು ಇದ್ದರು. ಅವರು ತೀರಿಹೋದ ಮೇಲೆ ಅಲ್ಲಿಯವರೂ ಈಗ ನನ್ನ ಹಾಗೆಯೇ ಅಲೆಯುತ್ತಿದ್ದಾರೆ, ಆ ಮಾತು ಬೇರೆ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ನನ್ನ ಗಂಡ ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವರು. ಬೆಳಕು ಹರಿಯುವ ಮುಂಚೆ ಹೊರಟರೆ ಮನೆಗೆ ಬರುವುದು ಸಂಜೆಗೆ. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗಿದ್ದಾರೆ. ಅಣ್ಣನಿಗೂ ಅವರಿಗೂ ಮಾತು ಕೂಡಿ ಬರುವುದಿಲ್ಲ. ಆದರೆ ಹೆಣ್ಣು ಕೊಟ್ಟ ಮನೆಯಲ್ಲಿ ಉಣ್ಣುತ್ತಿದ್ದೇನೆ ಎಂಬ ಸಂಕೋಚ ಅಪ್ಪನಿಗೆ ಒಂದು ದಿನವೂ ಬಿಟ್ಟಿದ್ದಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಾರೆ. ಹನ್ನೆರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಬೇಕಾಗಿದ್ದದ್ದು ಮುಖ್ಯವಾಗಿ ಅವರಿಗೇ.

ಕೌಂಟರಿಗೆ ಬಂದವರನ್ನೆಲ್ಲ ಕೇಳಿದೆ. ಈ ಕಡೆ ಡಾಕ್ಟರನ್ನು ಅಳೆಯುವ ಅಳತೆ ಒಂದೇ, ಕೈಗುಣ. ಏನು ಓದಿದ್ದಾರೆ, ಏನು ಕೇಳುತ್ತಾರೆ, ಮೈ ಮುಟ್ಟಿ ನೋಡುತ್ತಾರೋ ಇಲ್ಲವೋ ಎಂದು ಯಾರೂ ಹೇಳುವುದಿಲ್ಲ. "ಅವ್ರ ಕೈ ಒಳ್ಳೇದು ಮೇಡಂ, ಒಂದು ಇಂಜೆಕ್ಷನ್ ಹಾಕಿದ್ರೆ ಮಾರ್ನೇ ದಿವ್ಸ ಕಾಫಿ ಪಿಕ್ಕಿಂಗಿಗೆ ಹೋಗ್ಬೋದು" ಎಂದು ಆಟೋದವನು ಬಸ್ ಸ್ಟ್ಯಾಂಡಿನ ಪಕ್ಕದವರನ್ನು ತೋರಿಸಿದ. ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರ್ ಹೇಗೆ ಎಂದು ಕೇಳಿದ್ದಕ್ಕೆ ಮೂಗು ಮುರಿದ. "ಅಯ್ಯೋ ಅದು ಬೇಡ. ಇಂಜೆಕ್ಷನ್ನೇ ಕೊಡುದಿಲ್ಲ. ನಾಲಿಗೆ ತೋರ್ಸು, ಕಣ್ಣು ತೋರ್ಸು, ಕಾಲು ತೋರ್ಸು. ಕೈಗುಣ ಇಲ್ಲ."

ಜೂನಿನಲ್ಲಿ ಮಳೆ ಹಿಡಿಯಿತು. ಬಾಡಿಗೆ ಮನೆಯ ಹಿಂದೆ ಅರ್ಧ ಎಕರೆ ಕಾಫಿಯಿದೆ. ಅಪ್ಪ ಸುಮ್ಮನೆ ಕೂರುವವರಲ್ಲ, ಕೊಡೆ ಹಿಡಿದು ಅಲ್ಲಿ ಓಡಾಡಿ ಬಂದರು. ಎಡಗಾಲಿನ ಬೆರಳುಗಳ ಸಂದಿಯಲ್ಲಿ ಜಿಗಣೆ ಕಚ್ಚಿತ್ತು. ಇಲ್ಲಿ ಅದು ಸುದ್ದಿಯೇ ಅಲ್ಲ. ಮಳೆಗಾಲದಲ್ಲಿ ಜಿಗಣೆ ಕಚ್ಚಿತು ಎಂದು ಯಾರಾದರೂ ಡಾಕ್ಟರ ಬಳಿ ಹೋದರೆ ಊರೇ ನಗುತ್ತದೆ. ಜಿಗಣೆ ಕಿತ್ತು ಬಿಸಾಡಿ, ರಕ್ತ ನಿಲ್ಲಲಿ ಎಂದು ಒಂದು ಚಿಟಿಕೆ ಕಾಫಿಪುಡಿ ಒತ್ತಿದರೆ ಮುಗಿಯಿತು. ಅಪ್ಪನೂ ಅಡುಗೆಮನೆಗೆ ಬಂದು ಡಬ್ಬಿಯಿಂದ ಕಾಫಿಪುಡಿ ತೆಗೆದುಕೊಂಡು ಹೋದರು. ಜಿಗಣೆ ಕಚ್ಚಿದ ಜಾಗ ನವೆ ಬರುತ್ತದೆ, ಅವರು ಕೆರೆದುಕೊಂಡರು. ಆಮೇಲೆ ಚಳಿ ಎಂದು ಉಣ್ಣೆಯ ಕಾಲುಚೀಲ ಹಾಕಿಕೊಂಡರು. ಆ ಚೀಲ ಮತ್ತೆ ಕಾಲು ಬಿಟ್ಟು ಇಳಿದದ್ದನ್ನು ನಾನು ಕಾಣಲಿಲ್ಲ.

ಆಗಸ್ಟಿನಲ್ಲಿ ಸಕ್ಕರೆ ಮಾತ್ರೆ ಮುಗಿಯಿತು. ಅಪ್ಪನಿಗೆ ಸುಸ್ತೂ ಇತ್ತು. ಬಸ್ ಸ್ಟ್ಯಾಂಡಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಭಾನುವಾರ, ಸಂತೆಯ ದಿನ. ಎಸ್ಟೇಟ್ ಲೈನುಗಳಿಂದ, ಅಂದರೆ ಆಳುಗಳ ಸಾಲುಮನೆಗಳಿಂದ, ಬಂದವರು ಜಗಲಿಯ ತುಂಬ ಕೂತಿದ್ದರು. ಅವರಲ್ಲಿ ಹೆಚ್ಚಿನವರು ಅಸ್ಸಾಮಿನವರು. ನಮ್ಮನ್ನು ಮಾತ್ರ ಕಾಂಪೌಂಡರ್ ಒಳಗೆ ಕರೆದ. ಒಳಗೆ ಹೋದ ಮೇಲೆ ತಿಳಿಯಿತು, ಆಳುಗಳಿಗೆ ಒಳಗೆ ಪ್ರವೇಶವೇ ಇಲ್ಲ. ಕಿಟಕಿಯ ಸರಳುಗಳ ಆಚೆ ಒಬ್ಬೊಬ್ಬರೇ ಬಂದು ನಿಲ್ಲಬೇಕು. "ಕ್ಯಾ ಹೈ? ಬುಖಾರ್?" ಎಂದು ಡಾಕ್ಟರು ಕೂತಲ್ಲಿಂದಲೇ ಗದರುತ್ತಿದ್ದರು. ಆಚೆ ನಿಂತವರು ಜ್ವರ ಹೌದು ಅನ್ನಲಿ ಅಲ್ಲ ಅನ್ನಲಿ, ಕಾಂಪೌಂಡರ್ ತೋಳನ್ನು ಸರಳಿನ ಒಳಕ್ಕೆ ಎಳೆದು ಚುಚ್ಚುತ್ತಿದ್ದ. ಕೊಟ್ಟಿಗೆಯ ದನಕ್ಕೆ ಚುಚ್ಚುವವನಾದರೂ ಮೊದಲು ಬೆನ್ನು ಸವರುತ್ತಾನೆ.

ಮೂಲೆಯಲ್ಲಿ ಒಂದು ವಾಶ್ ಬೇಸಿನ್ ಇತ್ತು. ಅದರೊಳಗೆ ಟೀ ಕುಡಿದ ಲೋಟ, ಲೋಟದ ಪಕ್ಕ ರಕ್ತ ಹತ್ತಿದ ಹತ್ತಿ, ಹತ್ತಿಯ ಮೇಲೆ ಟೀ ಸೊಪ್ಪು. ನಾನು ಕುರ್ಚಿಯನ್ನು ಅದರಿಂದ ಆಚೆ ಸರಿಸಿಕೊಂಡೆ. ಡಾಕ್ಟರು ಮೊಬೈಲಿನಲ್ಲಿ ಏನೋ ನೋಡಿ ನಗುತ್ತ, ಆ ನಗುವನ್ನು ಒರೆಸಿಕೊಳ್ಳದೆಯೇ ಅಪ್ಪನ ಕಡೆ ತಿರುಗಿ "ಏನು?" ಎಂದರು. "ಸ್ವಲ್ಪ ಸುಸ್ತು ಸ್ವಾಮಿ" ಎಂದರು ಅಪ್ಪ. ಅಷ್ಟೇ. ಹಳೆಯ ಚೀಟಿ ನೋಡಿ ಅದನ್ನೇ ಹೊಸ ಚೀಟಿಗೆ ಇಳಿಸಿದರು. ಒಂದು ಇಂಜೆಕ್ಷನ್ ಆಯಿತು. ಯಾವುದಕ್ಕೆ ಎಂದು ಕೇಳಿದೆ. "ಶಕ್ತಿಗೆ" ಎಂದರು. ಹಾಳೂರಿಗೆ ಉಳಿದವನೇ ಗೌಡ ಎಂದುಕೊಂಡು ಹೊರಗೆ ಬಂದೆ. ಆ ಕಿಟಕಿಯ ಕಡೆ ಮತ್ತೆ ತಲೆ ಹಾಕಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ಸುಸ್ತು ಇಳಿಯದೆ ಮುಂದಿನ ತಿಂಗಳು ಹೋದ ಎರಡನೆಯ ಡಾಕ್ಟರು ತುಂಬ ಚೊಕ್ಕಟ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಅವರ ನಾಯಿಯ ಫೋಟೋ. ಅವರ ಕೈಗಳು ಎಷ್ಟು ಬೆಳ್ಳಗಿದ್ದವೆಂದರೆ ಯಾವ ರೋಗಿಯನ್ನೂ ಮುಟ್ಟಿದ ಗುರುತಿರಲಿಲ್ಲ. ನಮ್ಮನ್ನು ಗೌರವದಿಂದಲೇ ಕೂರಿಸಿದರು. ಅಪ್ಪ ಕಾಫಿ ಬೆಳೆದವರು ಎಂದು ಗೊತ್ತಾದದ್ದೇ ತಡ, ತಮ್ಮ ತೋಟಕ್ಕೆ ಆನೆ ಬಂದ ಕತೆ ಶುರುವಾಯಿತು. ಆನೆ ಬೇಲಿ ಮುರಿದದ್ದು, ಆನೆ ಬಾಳೆ ತಿಂದದ್ದು, ಅರಣ್ಯದವರು ಬಂದು ಪಟಾಕಿ ಹೊಡೆದು ಹೋದದ್ದು, ಆನೆ ಮಾರನೇ ದಿನ ಮರಿಯನ್ನೂ ಕರೆದುಕೊಂಡು ಬಂದದ್ದು. ರೋಗಿಯ ಕುರ್ಚಿಯಲ್ಲಿ ಕೂತ ಅಪ್ಪ "ಛೇ ಪಾಪ" ಎಂದು ಡಾಕ್ಟರಿಗೆ ಸಮಾಧಾನ ಹೇಳಿದರು. ಹಲಸಿನ ಹಣ್ಣನ್ನು ಮರದಲ್ಲಿ ಬಿಡಬೇಡಿ, ಆ ವಾಸನೆಗೇ ಬರೋದು ಎಂದು ಬುದ್ಧಿಯನ್ನೂ ಹೇಳಿದರು. ಇಪ್ಪತ್ತು ನಿಮಿಷವಾಯಿತು. ನನಗೆ ರೇಗಿತು.

"ಸರ್, ಕಾಲಿನ ಬೆರಳ ಸಂದೀಲಿ ಒಂದು ಗಾಯ..." ಎಂದು ನಾನು ಬಾಯಿ ಹಾಕಿದೆ.

"ಏನಿಲ್ಲ ಸ್ವಾಮಿ, ಜಿಗಣೆ ಕಚ್ಚಿದ್ದು. ಮಾಯ್ತಾ ಅದೆ" ಎಂದ ಅಪ್ಪ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು.

ಡಾಕ್ಟರು ಬಗ್ಗಿ ನೋಡಲಿಲ್ಲ. ಮೇಜಿನ ಆಚೆಯಿಂದ ಕತ್ತು ಕೂಡ ಉದ್ದ ಮಾಡಲಿಲ್ಲ. ಜಿಗಣೆ ಎಂದ ಕೂಡಲೇ ಅವರ ಮುಖದ ಮೇಲೆ ಒಂದು ಸಣ್ಣ ನಗು ಬಂತು, ಈ ಕಡೆಯ ಎಲ್ಲರ ಮುಖದ ಮೇಲೂ ಬರುವ ನಗು. ಆರು ಥರದ ರಕ್ತ ಪರೀಕ್ಷೆ ಬರೆದು, ಪಕ್ಕದಲ್ಲೇ ಇರುವ ಮೈದುನನ ಲ್ಯಾಬಿಗೇ ಹೋಗಿ ಎಂದರು. ಲ್ಯಾಬಿನವನು ಕೈಯಿಂದ ರಕ್ತ ತೆಗೆದ. ಕಾಲು ಕುರ್ಚಿಯ ಅಡಿಯಲ್ಲೇ ಉಳಿಯಿತು.

ದಾರಿಯಲ್ಲಿ ಅಪ್ಪನಿಗೆ ಬೈದೆ. ಡಾಕ್ಟರಿಗೆ ತೋರಿಸದೆ ಇನ್ಯಾರಿಗೆ ತೋರಿಸುತ್ತೀರಿ ಎಂದೆ.

"ಓದ್ದೋರ ಮುಂದೆ ಕಾಲು ಚಾಚೋದಾ? ಏನ್ ಮಾತಾಡ್ತೀಯ ಮಗ" ಎಂದು ಅಪ್ಪ ನನಗೇ ತಿರುಗಿಸಿದರು. "ಒಳ್ಳೇ ಮನ್ಷ. ಎಷ್ಟ್ ಚೆನ್ನಾಗಿ ಮಾತಾಡ್ಸಿದ್ರು."

ಇದು ನಮ್ಮ ಮನೆಯ ಪಾಠ. ದೇವರ ಕಡೆ, ಒಲೆಯ ಕಡೆ, ಗುರುಹಿರಿಯರ ಕಡೆ ಕಾಲು ಚಾಚಬಾರದು. ಚಿಕ್ಕಂದಿನಲ್ಲಿ ಮರೆತು ಚಾಚಿದರೆ ಮೊಣಕಾಲಿಗೆ ಬೀಳುತ್ತಿತ್ತು. ನಮ್ಮ ಕಡೆಯವರಿಗೆ ಓದಿದವರೆಂದರೆ ಸ್ವಾಮಿಗಳಷ್ಟೇ ಗೌರವ. ಡಾಕ್ಟರಿಗೆ ನಾಲಿಗೆ ತೋರಿಸಬಹುದು, ಹೊಟ್ಟೆ ತೋರಿಸಬಹುದು, ಪಾದ ತೋರಿಸುವುದು ಮಾತ್ರ ಅವಮಾನ ಮಾಡಿದ ಹಾಗೆ. ಅಪ್ಪನ ಮರ್ಯಾದೆಯೂ ಡಾಕ್ಟರ ಹೇಸಿಗೆಯೂ ಹೀಗೆ ಕೂಡಿಬಂದವು. ಒಬ್ಬರು ತೋರಿಸಲಿಲ್ಲ, ಇನ್ನೊಬ್ಬರು ನೋಡಲಿಲ್ಲ, ಇಬ್ಬರಿಗೂ ಅದು ಹಿತವಾಗಿಯೇ ಇತ್ತು.

ಅಕ್ಟೋಬರಿನಲ್ಲಿ ಅಪ್ಪ ನಡೆಯುವಾಗ ಕಾಲು ಎಳೆಯತೊಡಗಿದರು. ನೋವೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದರು. ಅದು ಸುಳ್ಳಲ್ಲ ಎಂದು ಆಮೇಲೆ ತಿಳಿಯಿತು. ಬೇರೆ ದಾರಿ ಕಾಣದೆ ಒಂದು ಬೆಳಿಗ್ಗೆ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಕೈಗುಣವಿಲ್ಲದ ಆ ಲೇಡಿ ಡಾಕ್ಟರ ಬಳಿಗೆ.

ಸಾಲು ಗೇಟಿನ ತನಕ ಇತ್ತು. ಇಲ್ಲಿ ಕಿಟಕಿ ಇರಲಿಲ್ಲ, ಎಲ್ಲರೂ ಒಳಗೆ ಹೋಗಬೇಕು, ಎಲ್ಲರನ್ನೂ ಮಲಗಿಸಿ ನೋಡುತ್ತಿದ್ದರು, ಹಾಗಾಗಿ ಸಾಲು ಮುಂದೆ ಹೋಗುತ್ತಲೇ ಇರಲಿಲ್ಲ. ನಮ್ಮ ಮುಂದೆ ಎಸ್ಟೇಟ್ ಲೈನಿನ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಒದ್ದೆ ಬಟ್ಟೆಯ ವಾಸನೆ, ಹೊಗೆಯ ವಾಸನೆ, ಎಲೆಅಡಿಕೆ ಉಗಿದ ವಾಸನೆ. ಒಂದು ಗಂಟೆ ತಡೆದೆ. ಮಗು ಅವಳ ಹೆಗಲ ಮೇಲೆಯೇ ವಾಂತಿ ಮಾಡಿತು, ನಾಲ್ಕು ಹನಿ ನನ್ನ ಸೀರೆಗೂ ಸಿಡಿಯಿತು. ಅವಳು ತನ್ನ ಸೆರಗಿನಿಂದ ನನ್ನ ಸೀರೆ ಒರೆಸಲು ಬಂದಳು. "ಮುಟ್ಬೇಡ" ಎಂದು ಕಿರುಚಿದೆ. ಸಾಲಿಗೆ ಸಾಲೇ ತಿರುಗಿ ನೋಡಿತು.

"ಇರ್ಲಿ ಬಿಡ್ ಮಗ, ಕೂಸು" ಎಂದರು ಅಪ್ಪ. "ಇನ್ನೇನ್ ಹತ್ ಜನ. ನಿಂತ್ಕಳಣ."

ನಿಲ್ಲಲಿಲ್ಲ. ಅಪ್ಪನ ಕೈ ಹಿಡಿದು ಎಳೆದುಕೊಂಡು ಮನೆಗೆ ಬಂದೆ. ತಲೆಗೆ ಸ್ನಾನ ಮಾಡಿದೆ. ಆ ಗಲೀಜಿನಲ್ಲಿ ನಿಂತರೆ ಇಲ್ಲದ ರೋಗ ಬರುತ್ತದೆ ಎಂದು ಮಾರನೇ ದಿನ ಕೌಂಟರಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಬಸ್ ಸ್ಟ್ಯಾಂಡಿನ ಡಾಕ್ಟರ ಕಿಟಕಿಯನ್ನು ಕಂಡು ಹೇಸಿದ್ದವಳು ನಾನೇ, ಅದು ಆಗ ನೆನಪಾಗಲಿಲ್ಲ. ಅಪ್ಪನ ಮುಂದೆ ಇದ್ದದ್ದು ಬರೀ ಹತ್ತು ಜನ.

ನವೆಂಬರಿನಲ್ಲಿ ಮನೆಯಲ್ಲಿ ವಾಸನೆ ಶುರುವಾಯಿತು. ಮೊದಲು ಅಪ್ಪನ ಕೋಣೆಯಲ್ಲಿ, ಆಮೇಲೆ ನಡುಮನೆಯಲ್ಲಿ. ಇಲಿ ಸತ್ತಿದೆ ಎಂದೆ. ಅಟ್ಟ ಹತ್ತಿ ಹುಡುಕಿದೆ, ಬೀರು ಸರಿಸಿದೆ, ಅಕ್ಕಿ ಡ್ರಮ್ಮಿನ ಹಿಂದೆ ಟಾರ್ಚ್ ಬಿಟ್ಟೆ. ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸಿದೆ. ಫಿನಾಯಿಲು, ಊದುಬತ್ತಿ, ಆ ವಾಸನೆ ಮೂರೂ ಸೇರಿ ಅನ್ನ ಬಾಯಿಗಿಟ್ಟರೆ ವಾಕರಿಕೆ ಬರುತ್ತಿತ್ತು. ಅಪ್ಪ ತಟ್ಟೆ ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಊಟ ಮಾಡತೊಡಗಿದರು. ಒಳಗೆ ಸೆಕೆ ಎಂದರು, ನವೆಂಬರಿನ ಕೊಡಗಿನಲ್ಲಿ. ಒಂದು ದಿನ ತಡೆಯಲಾರದೆ, "ಅಪ್ಪಾ, ಆ ಚೀಲನಾದ್ರೂ ಒಗೆಯಕ್ಕೆ ಹಾಕಬಾರದಾ? ಮನುಷ್ಯರು ಇರೋ ಮನೆ ಇದು" ಎಂದುಬಿಟ್ಟೆ. ಅಪ್ಪ ತಲೆ ತಗ್ಗಿಸಿ "ಹಾಕ್ತೀನಿ ಮಗ" ಎಂದರು. ಹಾಕಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಎರಡು ದಿನದ ಮೇಲೆ ಬೆಳಿಗ್ಗೆ ಅಪ್ಪ ಏಳಲಿಲ್ಲ. ಮೈ ಕಾದ ಹಂಚಾಗಿತ್ತು, ಮಾತು ತೊದಲುತ್ತಿತ್ತು, ಅಮ್ಮನನ್ನು ಕರೆಯುತ್ತಿದ್ದರು. ನನ್ನ ಗಂಡ ಎಸ್ಟೇಟಿನ ಜೀಪು ತಂದರು. ಚೊಕ್ಕಟ ಡಾಕ್ಟರು ಮದುವೆಗೆ ಹೋಗಿದ್ದರು. ಬಸ್ ಸ್ಟ್ಯಾಂಡಿನವರು ಜೀಪಿನ ಬಳಿಗೆ ಬಂದವರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಮೈಸೂರಿಗೆ ತಗೊಂಡು ಹೋಗಿ" ಎಂದು ಎರಡು ಮಾರು ದೂರದಿಂದಲೇ ತಿರುಗಿದರು. ಅವರ ಬೇಸಿನ್ನಿಗೆ ಅಂದು ಮನಸ್ಸಿನಲ್ಲೇ ಉಗಿದೆ. ಸರ್ಕಾರಿ ಆಸ್ಪತ್ರೆಗೆ ಹೋದೆವು.

ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವರು, ಬಯಲುಸೀಮೆಯ ಆ ತುದಿಯವರು. ಇಲ್ಲಿಯವರು ಅವರ ಮಾತು ಕೇಳಿ ಹಿಂದಿನಿಂದ ನಗುತ್ತಾರೆ. ಅಪ್ಪನನ್ನು ಬೆಂಚಿನ ಮೇಲೆ ಒರಗಿಸಿ ಡ್ರಿಪ್ ಹಾಕಿಸಿ, ಜ್ವರ ನೋಡಿ, ಎದೆ ನೋಡಿ, ಸೀದಾ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. "ಅಜ್ಜಾರ, ಕಾಲು ತೋರಸ್ರಿ."

ಅರೆ ಪ್ರಜ್ಞೆಯಲ್ಲಿಯೂ ಅಪ್ಪ ಕಾಲು ಎಳೆದುಕೊಂಡರು. "ಬ್ಯಾಡ ತಾಯಿ. ನೀವ್ ಓದ್ದೋರು, ಮುಟ್ಟಬಾರ್ದು."

"ನಾ ಓದಿದ್ದು ಇದಕ್ಕರಿ ಅಜ್ಜಾರ" ಎಂದು ಅವರು ಆ ಕಾಲನ್ನು ಎರಡೂ ಕೈಯಿಂದ ಎತ್ತಿ ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು.

ಕಾಲುಚೀಲ ಬರಲಿಲ್ಲ. ಚರ್ಮಕ್ಕೆ ಅಂಟಿಕೊಂಡಿತ್ತು. ಸಲೈನ್ ಸುರಿದು ನೆನೆಸಿ, ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ ತೆಗೆದರು. ಗಟ್ಟಿಯಾದ ಕಾಫಿಪುಡಿ ಕಪ್ಪು ಹೆಕ್ಕಳೆಯಾಗಿ ಕಳಚಿ ಬಿತ್ತು. ಅದರ ಅಡಿಯಲ್ಲಿ ಎರಡು ಬೆರಳುಗಳು ಬೆರಳುಗಳಾಗಿ ಉಳಿದಿರಲಿಲ್ಲ. ಬಿಳಿಯ ಹುಳಗಳು ಬೆಳಕಿಗೆ ಹೆದರಿ ಒಳಗೆ ಒಳಗೆ ಸರಿದವು. ನರ್ಸ್ ಬಾಗಿಲ ಹತ್ತಿರ ಹೋಗಿ ನಿಂತಳು. ನಾನು ಗೋಡೆಗೆ ತಿರುಗಿ ವಾಂತಿ ಮಾಡಿದೆ. ಡಾಕ್ಟರು ಮುಖವನ್ನು ಸಹ ಹಿಂದಕ್ಕೆ ತೆಗೆಯಲಿಲ್ಲ. ಇಕ್ಕಳದಿಂದ ಒಂದೊಂದೇ ಹುಳ ತೆಗೆದು ಟ್ರೇಗೆ ಹಾಕುತ್ತ ಹೋದರು.

"ಯಾವಾಗಿಂದ ಐತ್ರಿ ಇದು?"

"ನಾಕ್ ದಿನ" ಎಂದರು ಅಪ್ಪ. ನನ್ನ ಕಡೆ ನೋಡಿ ಹೇಳಿದರು, ನನ್ನನ್ನು ಉಳಿಸಲು.

"ಜೂನಿಂದ" ಎಂದೆ ನಾನು. "ವಾಸಿಯಾಗಿದೆ ಅಂದ್ಕೊಂಡಿದ್ದೆ."

"ಶುಗರ್ ಇದ್ದವ್ರಿಗೆ ಕಾಲಿಂದು ನೋವು ಗೊತ್ತಾಗಂಗಿಲ್ರಿ. ಮತ್ತೊಬ್ರು ನೋಡಬೇಕು." ಅವರು ಮೊದಲ ಸಲ ತಲೆ ಎತ್ತಿದರು. "ಇಷ್ಟ್ ದಿನದಾಗ ಈ ಕಾಲು ಯಾರೂ ಮುಟ್ಟಿಲ್ಲೇನ್ರಿ?"

ಅಪ್ಪನೇ ಹೇಳಿದರು. ಆ ಜ್ವರದಲ್ಲಿಯೂ ಅವರ ದನಿಯಲ್ಲಿ ಹೆಮ್ಮೆಯಿತ್ತು.

"ಹಂಗನ್ಬ್ಯಾಡಿ ತಾಯಿ. ನನ್ ಮಗಳು ಮುಟ್ಟವಳೆ. ದೀಪಾವಳಿ ದಿನ ಎರಡೂ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಲು. ಅವಳೊಬ್ಬಳೇ."

ಹೌದು. ಅದನ್ನು ಇಷ್ಟು ಹೊತ್ತು ಬರೆಯದೆ ಮುಂದೆ ಮುಂದೆ ದಾಟಿಸಿಕೊಂಡು ಬಂದಿದ್ದೇನೆ. ಹಬ್ಬದ ಬೆಳಿಗ್ಗೆ ವಿಭೂತಿ ಹಚ್ಚಿ, ಹೊಸ ಸೀರೆ ಉಟ್ಟು, ಪ್ರತಿ ವರ್ಷದಂತೆ ಅಪ್ಪನ ಪಾದ ಮುಟ್ಟಿದೆ. ಅಪ್ಪ ಚೀಲ ಹಾಕಿಕೊಂಡೇ ನಿಂತಿದ್ದರು. ಬಲಗಾಲು ಬೆಚ್ಚಗಿತ್ತು. ಎಡಗಾಲು ಸುಡುತ್ತಿತ್ತು, ಉಣ್ಣೆ ಒದ್ದೆಯಾಗಿತ್ತು. ಬೆರಳಿಗೆ ಅಂಟು ಹತ್ತಿತು. ಕಣ್ಣಿಗೆ ಒತ್ತಿಕೊಳ್ಳಬೇಕಾದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದೆ. ಅಭ್ಯಂಜನದ ಎಣ್ಣೆ ಎಂದುಕೊಂಡೆ. ಅದು ಎಣ್ಣೆಯಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ಎಣ್ಣೆಗೆ ಆ ವಾಸನೆ ಇರುವುದಿಲ್ಲ. ಬಚ್ಚಲಿಗೆ ಹೋಗಿ ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡೆ, ಬಂದು ಒಬ್ಬಟ್ಟು ಬಡಿಸಿದೆ. ಅಟ್ಟ ಹತ್ತಿ ಇಲಿ ಹುಡುಕಿದ್ದು ಅದಾದ ಆಚೆ ವಾರ. ಇಲಿ ಇಲ್ಲ ಎಂದು ಗೊತ್ತಿದ್ದೇ ಹುಡುಕಿದೆ. ಚೀಲ ತೆಗೆಸಿದರೆ ಏನು ಕಾಣಬೇಕಾಗುತ್ತದೋ ಎಂಬ ಹೇಸಿಗೆ ನನಗೆ ಅಪ್ಪನಿಗಿಂತ ದೊಡ್ಡದಾಗಿತ್ತು. ಕಿಟಕಿಯಾಚೆ ನಿಲ್ಲಿಸಿ ಚುಚ್ಚಿಸುವ ಡಾಕ್ಟರನ್ನು, ಆನೆಯ ಕತೆ ಹೇಳುವ ಡಾಕ್ಟರನ್ನು ನಾನು ಊರ ತುಂಬ ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಆದರೆ ಅವರಿಬ್ಬರು ನೋಡಲಿಲ್ಲ ಅಷ್ಟೇ. ನಾನು ಮುಟ್ಟಿ, ತಿಳಿದು, ಕೈ ತೊಳೆದುಕೊಂಡವಳು.

ಲೇಡಿ ಡಾಕ್ಟರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅವರು ಗಾಯ ಕಟ್ಟಿ, ತಾವೇ ಫೋನ್ ಮಾಡಿ ಮೈಸೂರಿಗೆ ಆಂಬುಲೆನ್ಸ್ ಏರ್ಪಾಟು ಮಾಡಿಸಿದರು. ಒಂದು ತಿಂಗಳ ಹಿಂದೆ ಬಂದಿದ್ದರೆ ಒಂದೋ ಎರಡೋ ಬೆರಳಿನಲ್ಲಿ ಮುಗಿಯುತ್ತಿತ್ತು ಎಂದು ಮೈಸೂರಿನವರು ಹೇಳಿದರು. ಒಂದು ತಿಂಗಳ ಹಿಂದೆ ಬಂದಿದ್ದೆವು, ಹತ್ತು ಜನ ಮಾತ್ರ ಮುಂದಿದ್ದರು ಎಂದು ನಾನು ಅವರಿಗೆ ಹೇಳಲಿಲ್ಲ. ಅಪ್ಪನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಈಗ ನಮಗೊಬ್ಬ ಫ್ಯಾಮಿಲಿ ಡಾಕ್ಟರ್ ಇದ್ದಾರೆ. ತಿಂಗಳಿಗೊಮ್ಮೆ ಸಾಲಿನಲ್ಲಿ ನಿಲ್ಲುತ್ತೇನೆ, ಎಷ್ಟು ಹೊತ್ತಾದರೂ ನಿಲ್ಲುತ್ತೇನೆ. ವಾಸನೆ ಹಾಗೆಯೇ ಇದೆ. ಅದನ್ನು ಗೆದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ ಅವರ ಹೆಸರನ್ನೇ ಹೇಳುತ್ತೇನೆ. "ಅವ್ರಿಗೆ ಕೈಗುಣ ಇಲ್ವಲ್ಲ ಮೇಡಂ" ಎಂದು ಜನ ನನಗೇ ತಿಳಿಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಾರೆ.

ಉಳಿದ ಕಾಲನ್ನು ದಿನಾ ನೋಡಬೇಕು, ಬೆರಳುಗಳ ಸಂದಿಯಲ್ಲಿ ಕೈಯಾಡಿಸಿ ನೋಡಬೇಕು ಎಂದು ಅವರು ಹೇಳಿದ್ದಾರೆ. ಸಂಜೆ ಕಚೇರಿಯಿಂದ ಬಂದು ನೆಲದ ಮೇಲೆ ಕೂತು ಅಪ್ಪನ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಅಪ್ಪನಿಗೆ ಇನ್ನೂ ನಾಚಿಕೆ, ಕಾಲು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಒಂದೊಂದೇ ಬೆರಳು ಬಿಡಿಸಿ ನೋಡುತ್ತೇನೆ. ಮುಗಿದ ಕೂಡಲೇ ಬಚ್ಚಲಿಗೆ ಓಡಿ ಕೈ ತೊಳೆದುಕೊಳ್ಳಬೇಕು ಎನಿಸುತ್ತದೆ, ದಿನಾ ಎನಿಸುತ್ತದೆ. ಆಗ ಅಪ್ಪ ನನ್ನ ಕೈಯನ್ನೇ ನೋಡುತ್ತಿರುತ್ತಾರೆ. ಹಬ್ಬದ ದಿನ ಬಚ್ಚಲಿನಲ್ಲಿ ನೀರಿನ ಸದ್ದು ಅವರಿಗೆ ಕೇಳಿಸಿತ್ತೋ ಏನೋ, ನಾನು ಅವರನ್ನು ವಿಚಾರಿಸಿಲ್ಲ. ಅವರು ಟಿವಿಯ ವಾರ್ತೆಯ ಕಡೆ ತಿರುಗುವ ತನಕ ನಾನು ಅಲ್ಲಿಂದ ಏಳುವುದಿಲ್ಲ.